ಮತ್ತೆ ಮತ್ತೆ ಕೈಕೊಡುವ ಹಳೆಯ ಕಾರು: ಸ್ಟಾರ್ಟ್ ಆಗದ ರೋಗವನ್ನು ಮೂಲದಲ್ಲೇ ಹಿಡಿಯುವ ಬಗೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮಂಡಗದ್ದೆಯ ಹತ್ತಿರ ಚಹಾ ಕುಡಿಯಲೆಂದು ಹತ್ತು ನಿಮಿಷ ಕಾರು ನಿಲ್ಲಿಸಿದ್ದೆ. ತೀರ್ಥಹಳ್ಳಿಯಿಂದ ಅಲ್ಲಿಯವರೆಗೆ ಒಂದು ಕೆಮ್ಮೂ ಇಲ್ಲದೆ ಬಂದಿದ್ದ ನನ್ನ 1997ರ ಮಾರುತಿ 800, ಮತ್ತೆ ಕೀ ತಿರುಗಿಸಿದಾಗ ಗರಗರ ತಿರುಗಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ‘ಏರ್ ಲಾಕ್ ಆಗಿದೆ ಸಾರ್, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ’ ಎಂದು ಪಕ್ಕದಲ್ಲಿದ್ದ ಲಾರಿಯವರೊಬ್ಬರು ಹೇಳಿದರು. ಅಂಗಡಿಯವರು ಬಕೆಟ್ಟಿನಲ್ಲಿ ನೀರು ಕೊಟ್ಟರು. ಬಟ್ಟೆ ನೆನೆಸಿ ಹಾಸಿ, ಕಾಲು ಗಂಟೆ ಕಾದು ಕೀ ತಿರುಗಿಸಿದರೆ ಕಾರು ತಟ್ಟನೆ ಸ್ಟಾರ್ಟ್ ಆಯಿತು. ಅಲ್ಲಿಗೆ ರೋಗ ಏರ್ ಲಾಕ್, ಅಂದರೆ ಬಿಸಿಗೆ ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ದಾರಿ ಕಟ್ಟುವುದು, ಎಂದು ತೀರ್ಮಾನವಾಯಿತು.

ಆ ತೀರ್ಮಾನಕ್ಕೆ ನಾನು ತೆತ್ತದ್ದು ಎರಡು ಬೇಸಿಗೆ, ಒಂದು ಹೊಸ ಪೆಟ್ರೋಲ್ ಪಂಪು, ಮೂರು ಮೊಳ ಹೊಸ ಪೈಪು ಮತ್ತು ಎರಡು ಸಲದ ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಸರ್ವೀಸ್. ರೋಗ ಪೆಟ್ರೋಲಿನಲ್ಲಿ ಇರಲೇ ಇಲ್ಲ. ಪ್ಲಗ್ಗಿನ ಕಿಡಿಗೆ ಬೇಕಾದ ಸಾವಿರಾರು ವೋಲ್ಟ್ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಬಿಸಿಯಾದಾಗ ಸಾಯುತ್ತಿತ್ತು, ತಣ್ಣಗಾದಾಗ ಬದುಕುತ್ತಿತ್ತು. ಒದ್ದೆ ಬಟ್ಟೆ ಮಾಡಿದ ಉಪಕಾರ ಒಂದೇ: ಕಾಯಿಲ್ ತಣಿಯುವವರೆಗೆ ನನ್ನನ್ನು ಸುಮ್ಮನೆ ನಿಲ್ಲಿಸಿದ್ದು.

ಶಾಶ್ವತವಾಗಿ ಕೆಟ್ಟು ನಿಂತ ಕಾರನ್ನು ರಿಪೇರಿ ಮಾಡುವುದು ಸುಲಭ. ಒಮ್ಮೆ ಬಂದು ಒಮ್ಮೆ ಹೋಗುವ ರೋಗದ ದಾರಿಯೇ ಬೇರೆ. ಗ್ಯಾರೇಜಿಗೆ ಒಯ್ದಾಗ ಕಾರು ಸಾಧು ಪ್ರಾಣಿಯಂತೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಊಹೆಯ ಮೇಲೆ ಏನೋ ಒಂದನ್ನು ಬದಲಿಸುತ್ತಾರೆ, ಹತ್ತು ದಿನ ಸುಖ, ಹನ್ನೊಂದನೆಯ ದಿನ ಮತ್ತೆ ಅದೇ ಪಾಡು. ಇಂಥ ರೋಗವನ್ನು ಕಾರು ಸತ್ತು ನಿಂತಿರುವ ಆ ಐದು ನಿಮಿಷಗಳಲ್ಲಿಯೇ ಹಿಡಿಯಬೇಕು. ಆಗ ಕಾರಿನ ಪಕ್ಕದಲ್ಲಿ ಇರುವವರು ನೀವು, ಮೆಕ್ಯಾನಿಕ್ ಅಲ್ಲ. ಆದ್ದರಿಂದ ಈ ಬರಹ ಕಾರಿನ ಮಾಲೀಕರಿಗೆ. ಉದಾಹರಣೆಗಳೆಲ್ಲ 796 ಸಿಸಿಯ, ಮೂರು ಸಿಲಿಂಡರಿನ, ಕಾರ್ಬೊರೇಟರ್ ಇರುವ ಮಾರುತಿ 800ರವು. ಪದ್ಮಿನಿ, ಅಂಬಾಸಿಡರ್, ಓಮ್ನಿ ಇರುವವರಿಗೂ ತತ್ತ್ವ ಇದೇ.

ಮೊದಲು ಒಂದು ನೋಟ್‌ಬುಕ್

ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇಡಿ. ಕಾರು ಕೈಕೊಟ್ಟಾಗಲೆಲ್ಲ ಒಂದೇ ಸಾಲು ಬರೆದರೂ ಸಾಕು: ಎಂಜಿನ್ ತಣ್ಣಗಿತ್ತೇ ಬಿಸಿಯಿತ್ತೇ, ಎಷ್ಟು ಹೊತ್ತು ನಿಂತಿತ್ತು, ಮಳೆಯೇ ಬಿಸಿಲೇ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಸೆಲ್ಫ್ (ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟರ್) ಹೇಗೆ ತಿರುಗಿತು, ಕೊನೆಗೆ ಏನು ಮಾಡಿದ ಮೇಲೆ ಸ್ಟಾರ್ಟ್ ಆಯಿತು.

ಆರು ಸಾಲು ತುಂಬುವ ಹೊತ್ತಿಗೆ ರೋಗದ ಚಾಳಿ ಕಾಣಿಸತೊಡಗುತ್ತದೆ. ಬೆಳಗ್ಗೆ ಮಾತ್ರ, ಅದೂ ಎರಡು ಮೂರು ದಿನ ನಿಂತ ಮೇಲೆ ಎಂದಾದರೆ ಬ್ಯಾಟರಿಯನ್ನು ಯಾವುದೋ ಕದ್ದು ಕುಡಿಯುತ್ತಿದೆ, ಇಲ್ಲವೇ ಪೆಟ್ರೋಲ್ ಹಿಂದಕ್ಕೆ ಟ್ಯಾಂಕಿಗೆ ಇಳಿಯುತ್ತಿದೆ. ಮಳೆಗಾಲದಲ್ಲಿ ಮಾತ್ರ ಎಂದಾದರೆ ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಮತ್ತು ಪ್ಲಗ್ ವೈರುಗಳ ಕಡೆ ನೋಡಿ. ಬಿಸಿ ಎಂಜಿನ್ನನ್ನು ಹತ್ತು–ಇಪ್ಪತ್ತು ನಿಮಿಷ ನಿಲ್ಲಿಸಿದ ಮೇಲೆ ಮಾತ್ರ ಎಂದಾದರೆ ಕಾಯಿಲ್, ಡಿಸ್ಟ್ರಿಬ್ಯೂಟರಿನೊಳಗಿನ ಪಿಕಪ್ ಎಂಬ ಸೆನ್ಸರ್, ಏರ್ ಲಾಕ್ ಅಥವಾ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ತುಂಬಿ ಹರಿಯುವುದು, ಈ ನಾಲ್ಕರಲ್ಲಿ ಒಂದು. ಯಾವ ಚಾಳಿಯೂ ಕಾಣದೆ ಮನಸ್ಸಿಗೆ ಬಂದಾಗ ಕೈಕೊಡುತ್ತದೆ ಎಂದಾದರೆ ನಾನು ಮೊದಲು ಅನುಮಾನಿಸುವುದು ಸಡಿಲ ಕೊಂಡಿಯನ್ನು.

ನೋಟ್‌ಬುಕ್ಕಿನ ಜೊತೆಗೆ ಒಂದು ಸಣ್ಣ ಚೀಲ ಬೇಕು. ಮಲ್ಟಿಮೀಟರ್, ಸಣ್ಣ ಬಲ್ಬಿನ ಟೆಸ್ಟ್ ಲ್ಯಾಂಪ್, ಒಂದು ಒಳ್ಳೆಯ ಸ್ಪೇರ್ ಪ್ಲಗ್, ಪ್ಲಗ್ ಸ್ಪ್ಯಾನರ್, ಹತ್ತು ನಂಬರಿನ ಸ್ಪ್ಯಾನರ್, ಉಪ್ಪುಕಾಗದ, ಎರಡೂ ತುದಿಗೆ ಕ್ಲಿಪ್ ಇರುವ ಒಂದು ಮೀಟರ್ ವೈರು. ಇಷ್ಟಕ್ಕೆ ಒಂದು ಪೆಟ್ರೋಲ್ ಪಂಪಿನಷ್ಟೂ ಖರ್ಚಾಗುವುದಿಲ್ಲ.

ಕಾರು ನಿಂತಾಗ ಕೇಳಬೇಕಾದ ಪ್ರಶ್ನೆಗಳು ಮೂರು, ಇದೇ ಕ್ರಮದಲ್ಲಿ: ಸೆಲ್ಫ್ ಸರಿಯಾಗಿ ತಿರುಗುತ್ತಿದೆಯೇ? ಪ್ಲಗ್ಗಿನಲ್ಲಿ ಕರೆಂಟ್ ಬರುತ್ತಿದೆಯೇ? ಪೆಟ್ರೋಲ್ ಬರುತ್ತಿದೆಯೇ? ಪರೀಕ್ಷೆಗೆ ಮೊದಲು ಗೇರ್ ನ್ಯೂಟ್ರಲ್‌ಗೆ ಬಂದಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ.

ಸೆಲ್ಫ್ ತಿರುಗುತ್ತಿಲ್ಲ, ಅಥವಾ ಅಳುತ್ತಾ ತಿರುಗುತ್ತಿದೆ

ಮಲ್ಟಿಮೀಟರನ್ನು ಬ್ಯಾಟರಿಯ ಎರಡು ಕಂಬಗಳ ಮೇಲಿಡಿ, ಕ್ಲಾಂಪಿನ ಮೇಲಲ್ಲ. ಕಾರು ಕೆಲವು ಗಂಟೆ ನಿಂತಿದ್ದರೆ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. 12ಕ್ಕಿಂತ ಕಡಿಮೆ ಎಂದರೆ ಮೊದಲು ಚಾರ್ಜ್ ಮಾಡಿಸಿ, ಉಳಿದ ಮಾತು ಆಮೇಲೆ. ನಂತರ ಮೀಟರ್ ಹಾಗೆಯೇ ಇರಲಿ, ಜೊತೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ಆಗ ವೋಲ್ಟ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಚಾರ್ಜ್ ಇಲ್ಲ, ಇಲ್ಲವೇ ಅದರ ಆಯುಷ್ಯ ಮುಗಿದಿದೆ. ಬ್ಯಾಟರಿ ಹನ್ನೊಂದು ವೋಲ್ಟಿನ ಮೇಲೆ ಗಟ್ಟಿಯಾಗಿ ನಿಂತಿದ್ದೂ ಸೆಲ್ಫ್ ಮಾತ್ರ ಅಳುತ್ತಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಕರೆಂಟಿಗೆ ದಾರಿಯಲ್ಲಿ ಎಲ್ಲೋ ತಡೆಯಾಗುತ್ತಿದೆ.

ಇಲ್ಲಿ ಒಂದು ಘಟನೆ ಹೇಳಬೇಕು. ಅಣ್ಣನ ಕಾರು, ಅದೂ ಮಾರುತಿ 800. ವಾರಕ್ಕೊಮ್ಮೆ ‘ಟಕ್’ ಎಂದು ಸುಮ್ಮನಾಗುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದ್ದಾಯಿತು, ಸೆಲ್ಫ್ ಬಿಚ್ಚಿಸಿ ಕಾರ್ಬನ್ ಬ್ರಷ್ ಬದಲಿಸಿದ್ದಾಯಿತು. ಒಂದು ದಿನ ಅಣ್ಣ ಬೆಳಗಿನ ಚಳಿಗೆ ಚೋಕ್ ಎಳೆದು ಏಳೆಂಟು ಸಲ ಕೀ ತಿರುಗಿಸಿದ. ಚೋಕ್ ತಳ್ಳಲು ಹೋದವನು ‘ಹಾ’ ಎಂದು ಕೈ ಹಿಂದಕ್ಕೆಳೆದ. ಚೋಕಿನ ಕೇಬಲ್ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಆ ಬಿಸಿಯೇ ಉತ್ತರ. ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಕರೆಂಟ್ ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಮರಳಬೇಕಾದದ್ದು ದಪ್ಪ ಅರ್ಥಿಂಗ್ ಪಟ್ಟಿಯ ಮೂಲಕ. ಆ ಪಟ್ಟಿಯ ತುದಿ ತುಕ್ಕು ಹಿಡಿದಿತ್ತು. ದಾರಿ ಸಿಗದ ಕರೆಂಟ್ ಚೋಕ್ ಕೇಬಲ್ಲಿನ ತೆಳು ಉಕ್ಕಿನ ಸುರುಳಿಯಲ್ಲಿ ನುಗ್ಗಿ ಮರಳುತ್ತಿತ್ತು. ಒಂದು ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿದು ಮೇಲೆ ಚೂರು ಗ್ರೀಸ್ ಸವರಿದ್ದಷ್ಟೇ ರಿಪೇರಿ.

ಕೇಬಲ್ ಬಿಸಿಯಾಗುವವರೆಗೆ ನೀವು ಕಾಯಬೇಕಾಗಿಲ್ಲ. ಕಾಯಿಲಿನ ಪಾಸಿಟಿವ್ ವೈರನ್ನು ಬಿಡಿಸಿ ಪಕ್ಕಕ್ಕಿಡಿ, ಕಾರು ಸ್ಟಾರ್ಟ್ ಆಗದಿರಲಿ ಎಂದು. ಮೀಟರಿನ ಕೆಂಪು ಮೊನೆ ಎಂಜಿನ್ನಿನ ಬರಿ ಲೋಹದ ಮೇಲೆ, ಕಪ್ಪು ಮೊನೆ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ. ಸೆಲ್ಫ್ ಹೊಡೆಯುವಾಗ 0.2 ವೋಲ್ಟಿನ ಆಸುಪಾಸು ಬಂದರೆ ಅರ್ಥಿಂಗ್ ಚೆನ್ನಾಗಿದೆ, ಅರ್ಧ ವೋಲ್ಟ್ ದಾಟಿದರೆ ಕೊಂಡಿಗಳನ್ನು ಬಿಚ್ಚಿ ಉಜ್ಜಿ. ಇದೇ ರೀತಿ ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೂ ಅಳೆಯಿರಿ. ನೋಡಲು ಫಳಫಳ ಹೊಳೆಯುವ ಕ್ಲಾಂಪ್ ಒಳಗೆ ಬಿಳಿ ಹಿಟ್ಟು ಹಿಡಿದಿರುತ್ತದೆ. ಕಣ್ಣಿಗಿಂತ ಮೀಟರ್ ನಂಬಿಕಸ್ತ.

ಎರಡೂ ಕಡೆ ಸರಿಯಿದ್ದು ‘ಟಕ್’ ಸದ್ದು ಮಾತ್ರ ಬಂದರೆ ಸೆಲ್ಫಿನ ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸೆಲ್ಫಿಗೆ ಕರೆಂಟ್ ಕೂಡಿಸುವ ಸ್ವಿಚ್ಚು) ಅಥವಾ ಬ್ರಷ್ ಸವೆದಿದೆ. ಟಕ್ ಸದ್ದೂ ಇಲ್ಲವೆಂದರೆ ಟೆಸ್ಟ್ ಲ್ಯಾಂಪನ್ನು ಸೊಲೆನಾಯ್ಡಿನ ಸಣ್ಣ ವೈರಿಗೆ ಮುಟ್ಟಿಸಿ ಕೀ ತಿರುಗಿಸಿ. ದೀಪ ಹತ್ತದಿದ್ದರೆ ಕೀ ಸ್ವಿಚ್ಚಿನ ಕಡೆ ಹೋಗಬೇಕು. ಹಳೆಯ ಕಾರುಗಳಲ್ಲಿ ಈ ಸ್ವಿಚ್ಚು ಸವೆಯುವುದು ತೀರ ಸಾಮಾನ್ಯ.

ರಾತ್ರೋರಾತ್ರಿ ಬತ್ತುವ ಬ್ಯಾಟರಿ

ಕಾರು ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಹಾಗಿದ್ದೂ ಎರಡು ದಿನದಲ್ಲಿ ಬ್ಯಾಟರಿ ಸಾಯುತ್ತಿದ್ದರೆ ಕಳ್ಳನನ್ನು ಹುಡುಕಬೇಕು. ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ನೆಗೆಟಿವ್ ಕ್ಲಾಂಪ್ ಬಿಡಿಸಿ, ಕಂಬಕ್ಕೂ ಕ್ಲಾಂಪಿಗೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು ಸೇರಿಸಿ. ಆ ಸ್ಥಿತಿಯಲ್ಲಿ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಟ್ಟುಹೋಗುತ್ತದೆ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಕಂಡರೆ ಲೆಕ್ಕ ಹಾಕಿ: ಈ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ 70 ಗಂಟೆಯಲ್ಲಿ ಪೂರ್ತಿ ಬರಿದು. ಸ್ಟಾರ್ಟ್ ಮಾಡಲಾಗದ ಸ್ಥಿತಿ ಅದಕ್ಕೂ ಎಷ್ಟೋ ಮೊದಲೇ ಬಂದಿರುತ್ತದೆ. ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ, ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೆಯೋ ಕಳ್ಳ ಆ ದಾರಿಯಲ್ಲಿದ್ದಾನೆ. ಹೊರಗಿನಿಂದ ಹಾಕಿಸಿದ ಸ್ಟೀರಿಯೊ, ಸೆಂಟ್ರಲ್ ಲಾಕ್, ರಿವರ್ಸ್ ಹಾರ್ನ್ ಇದ್ದರೆ ಅವುಗಳಿಂದಲೇ ಶುರುಮಾಡಿ. ಫ್ಯೂಸ್ ಎಲ್ಲ ತೆಗೆದರೂ ಅಂಕಿ ಬೀಳದಿದ್ದರೆ ಆಲ್ಟರ್ನೇಟರಿನ ಡಯೋಡ್ ಸೋರುತ್ತಿರಬಹುದು. ಅದರ ವೈರು ಬಿಡಿಸಿ ಮತ್ತೊಮ್ಮೆ ಅಳೆದರೆ ತಿಳಿಯುತ್ತದೆ.

ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ, ಕರೆಂಟ್ ಇದೆಯೇ?

ನಾನು ಎರಡು ಬೇಸಿಗೆ ಕಳೆದುಕೊಂಡದ್ದು ಈ ಪ್ರಶ್ನೆಯನ್ನು ಕೇಳದೆ. ಕಾರು ನಿಂತ ಮರುಕ್ಷಣವೇ, ಯಾವ ಬಟ್ಟೆಯನ್ನೂ ಒದ್ದೆ ಮಾಡುವ ಮೊದಲು, ಇದನ್ನು ನೋಡಬೇಕು. ಬಾನೆಟ್ ತೆರೆದು ಗಾಳಿಗೆ ಬಿಟ್ಟರೆ ಸಾಕ್ಷಿ ತಣ್ಣಗಾಗುತ್ತಾ ಹೋಗುತ್ತದೆ.

ಒಂದು ಪ್ಲಗ್ಗಿನ ವೈರನ್ನು ಅದರ ರಬ್ಬರ್ ಟೋಪಿ ಹಿಡಿದು ಎಳೆಯಿರಿ, ವೈರು ಹಿಡಿದಲ್ಲ. ಚೀಲದಲ್ಲಿರುವ ಸ್ಪೇರ್ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಕ್ಲಿಪ್ ವೈರಿನಿಂದ ಎಂಜಿನ್ನಿನ ಬರಿ ಲೋಹಕ್ಕೆ ಜೋಡಿಸಿ. ಕೈಯಲ್ಲಿ ಹಿಡಿಯಬೇಡಿ, ಆ ಹೊಡೆತ ಸಾವಿರಾರು ವೋಲ್ಟಿನದು. ಹೃದಯದ ಪೇಸ್‌ಮೇಕರ್ ಇರುವವರು ಈ ಕೆಲಸಕ್ಕೆ ಬರಲೇಬಾರದು. ಸುತ್ತ ಪೆಟ್ರೋಲ್ ಚೆಲ್ಲಿದ್ದರೆ, ವಾಸನೆ ಗಾಢವಾಗಿದ್ದರೆ ಕಿಡಿ ಹಾರಿಸುವ ಪರೀಕ್ಷೆಯನ್ನೇ ಬಿಡಿ. ಎಲ್ಲ ಸರಿಯಿದ್ದರೆ ಸೆಲ್ಫ್ ಹೊಡೆಸಿ. ಚಟಚಟ ಸದ್ದಿನೊಂದಿಗೆ ನೀಲಿ ಕಿಡಿ ಬಂದರೆ ಸರಿ. ಬಡಕಲು ಹಳದಿ ಕಿಡಿ ಬಂದರೆ ಶಕ್ತಿ ಸಾಲದು, ಕಿಡಿಯೇ ಇಲ್ಲದಿದ್ದರೆ ಹಿಂದಕ್ಕೆ ಹೋಗಿ.

ಹಿಂದಕ್ಕೆ ಎಂದರೆ ಕಾಯಿಲಿನಿಂದ ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುಮಧ್ಯಕ್ಕೆ ಬರುವ ದಪ್ಪ ವೈರು. ಅದನ್ನು ಮುಚ್ಚಳದ ಕಡೆ ಕಿತ್ತು ಅದೇ ಸ್ಪೇರ್ ಪ್ಲಗ್ಗಿಗೆ ಸಿಕ್ಕಿಸಿ ನೋಡಿ. ಇಲ್ಲಿ ಕಿಡಿಯಿದ್ದು ಪ್ಲಗ್ಗಿನಲ್ಲಿ ಇಲ್ಲವೆಂದರೆ ರೋಗ ಮುಚ್ಚಳ, ಅದರೊಳಗೆ ತಿರುಗುವ ರೋಟರ್ ಅಥವಾ ವೈರುಗಳಲ್ಲಿದೆ. ಮಲೆನಾಡಿನ ಜುಲೈ ತಿಂಗಳಿನಲ್ಲಿ ಹತ್ತಕ್ಕೆ ಎಂಟು ಸಲ ಇದೇ. ಮುಚ್ಚಳ ತೆಗೆದು ಒಳಗೆ ಬೆಳಕು ಹಾಯಿಸಿದರೆ ಪೆನ್ಸಿಲ್ಲಿನಿಂದ ಎಳೆದಂಥ ಕಪ್ಪು ಗೆರೆ ಕಾಣಬಹುದು. ಕೂದಲಿನಷ್ಟು ತೆಳ್ಳನೆಯ ಆ ಬಿರುಕಿನಲ್ಲಿ ತೇವ ಕುಳಿತು ಕರೆಂಟಿಗೆ ಅಡ್ಡದಾರಿಯಾಗುತ್ತದೆ. ಒರೆಸಿ ಒಣಗಿಸಿದರೆ ಕಾರು ಮನೆ ತಲುಪುತ್ತದೆ, ಆದರೆ ಗೆರೆ ಬಿದ್ದ ಮುಚ್ಚಳ ಮತ್ತೆ ಕೈಕೊಟ್ಟೇ ಕೊಡುತ್ತದೆ. ಬದಲಿಸಿ. ಅನುಮಾನವಿದ್ದರೆ ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸಿ, ವೈರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರಿನ ಹನಿ ಚಿಮುಕಿಸಿ. ಸೋರುವ ಕಡೆ ನೀಲಿ ಮಿಂಚುಹುಳುಗಳು ಕಾಣುತ್ತವೆ. ಕೊಟ್ಟಿಗೆಯ ಪಕ್ಕದಲ್ಲೋ ಅಡಿಕೆ ರಾಶಿಯ ಪಕ್ಕದಲ್ಲೋ ಕಾರು ನಿಲ್ಲಿಸುವವರು ಇಲಿ ಕಡಿದ ಗುರುತನ್ನೂ ಹುಡುಕಿ. ವೈರುಗಳನ್ನು ಕಿತ್ತರೆ ಮರಳಿ ಅದೇ ಜಾಗಕ್ಕೆ ಹಾಕಿ, ಈ ಎಂಜಿನ್ನಿನ ಕ್ರಮ 1–3–2.

ಕಾಯಿಲಿನ ನಡುವೈರಿನಲ್ಲೂ ಕಿಡಿಯಿಲ್ಲವೆಂದರೆ ಟೆಸ್ಟ್ ಲ್ಯಾಂಪ್ ಎತ್ತಿಕೊಳ್ಳಿ. ಅದರ ಕ್ಲಿಪ್ಪನ್ನು ಅರ್ಥಿಂಗಿಗೆ ಹಾಕಿ, ಇಗ್ನಿಷನ್ ಆನ್ ಮಾಡಿ, ಮೊನೆಯನ್ನು ಕಾಯಿಲಿನ ಪಾಸಿಟಿವ್‌ಗೆ ಮುಟ್ಟಿಸಿ. ದೀಪ ಹತ್ತಬೇಕು, ಸೆಲ್ಫ್ ಹೊಡೆಯುವಾಗಲೂ ಆರಬಾರದು. ಹತ್ತದಿದ್ದರೆ ಫ್ಯೂಸ್, ಕೀ ಸ್ವಿಚ್, ಕೊಂಡಿ ನೋಡಿ. ಹತ್ತಿದರೆ ಮೊನೆಯನ್ನು ನೆಗೆಟಿವ್‌ಗೆ ಬದಲಿಸಿ ಸೆಲ್ಫ್ ಹೊಡೆಸಿ. ದೀಪ ಮಿಣುಕಬೇಕು. ಮಿಣುಕದೆ ಒಂದೇ ಸಮನೆ ಉರಿದರೆ ಕಾಯಿಲಿನ ಕರೆಂಟನ್ನು ಕಡಿದು ಕೂಡಿಸುವ ಭಾಗ ಕೆಲಸ ಮಾಡುತ್ತಿಲ್ಲ. ತೀರ ಹಳೆಯ ಗಾಡಿಗಳಲ್ಲಿ ಅದು ಪಾಯಿಂಟ್, ಆಮೇಲಿನವುಗಳಲ್ಲಿ ಪಿಕಪ್ ಮತ್ತು ಇಗ್ನಿಷನ್ ಮಾಡ್ಯೂಲ್. ಪಾಸಿಟಿವ್‌ನಲ್ಲಿ ಉರಿದ ದೀಪ ನೆಗೆಟಿವ್‌ನಲ್ಲಿ ಹತ್ತಲೇ ಇಲ್ಲವೆಂದರೆ ಕಾಯಿಲಿನ ಒಳಸುತ್ತು ಕಡಿದಿರಬಹುದು, ಇಲ್ಲವೇ ಪಾಯಿಂಟ್ ತೆರೆಯದೆ ಅಂಟಿಕೊಂಡಿರಬಹುದು. ಚೆನ್ನಾಗಿ ಮಿಣುಕಿದರೂ ಕಿಡಿಯಿಲ್ಲವೆಂದರೆ ಕಾಯಿಲೇ ಅಪರಾಧಿ.

ಮೂರನೆಯ ಬೇಸಿಗೆಯಲ್ಲಿ ನನ್ನ ಕಾರಿನ ದೀಪ ಚೆನ್ನಾಗಿ ಮಿಣುಕಿತು, ಕಿಡಿ ಮಾತ್ರ ಇಲ್ಲ. ಬಿಸಿಯಿರುವಾಗಲೇ ವೈರುಗಳನ್ನು ಬಿಡಿಸಿ ಕಾಯಿಲಿನ ಓಮ್ ಅಳೆದೆ. ಪಾಸಿಟಿವ್–ನೆಗೆಟಿವ್ ನಡುವೆ ಒಂದೂವರೆ ಓಮ್ ಆಸುಪಾಸು, ಅದು ಸರಿಯಾಗಿಯೇ ಇತ್ತು. ಪಾಸಿಟಿವ್‌ನಿಂದ ನಡುವಿನ ಗೂಡಿಗೆ ಸಾವಿರಗಟ್ಟಲೆ ಓಮ್ ಬರಬೇಕಾದಲ್ಲಿ ಮೀಟರ್ ಏನನ್ನೂ ತೋರಿಸಲಿಲ್ಲ, ಅಂದರೆ ಸುತ್ತು ಕಡಿದಿದೆ. ಅಲ್ಲೇ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ಮೀಟರ್ ನೋಡುತ್ತಿದ್ದೆ. ಹನ್ನೆರಡನೆಯ ನಿಮಿಷಕ್ಕೆ ಅಂಕಿ ತಟ್ಟನೆ ಮೂಡಿ ಸರಿಯಾದ ಜಾಗದಲ್ಲಿ ನಿಂತಿತು. ಕಡಿದ ತಂತಿಯ ಎರಡು ತುದಿಗಳು ತಣ್ಣಗಾಗಿ ಮತ್ತೆ ಮುಟ್ಟಿಕೊಂಡಿದ್ದವು. ಎರಡು ಬೇಸಿಗೆಯ ಸಿಟ್ಟು ಆ ಕ್ಷಣಕ್ಕೆ ಇಳಿಯಿತು ಎಂದರೆ ಸುಳ್ಳಲ್ಲ.

ಕರೆಂಟ್ ಇದೆ, ಪೆಟ್ರೋಲ್?

ನೀಲಿ ಕಿಡಿ ಕಂಡ ಮೇಲಷ್ಟೇ ಇಲ್ಲಿಗೆ ಬನ್ನಿ. ಏರ್ ಫಿಲ್ಟರ್ ಮುಚ್ಚಳ ತೆಗೆದು, ಇಗ್ನಿಷನ್ ಆಫ್ ಇರುವಾಗಲೇ ಕಾರ್ಬೊರೇಟರಿನ ಗಂಟಲಿನೊಳಗೆ ಇಣುಕುತ್ತಾ ಆಕ್ಸಿಲರೇಟರಿನ ಲಿವರ್ ಎಳೆಯಿರಿ. ಸೂಜಿಯಷ್ಟು ತೆಳು ಪೆಟ್ರೋಲ್ ಧಾರೆ ಚಿಮ್ಮಬೇಕು. ಚಿಮ್ಮಿದರೆ ಒಳಗೆ ಪೆಟ್ರೋಲ್ ಇದೆ. ಪಕ್ಕದಲ್ಲಿ ಗಾಜಿನ ಕಿಂಡಿ ಇರುವ ಕಾರ್ಬೊರೇಟರಾದರೆ ಮಟ್ಟವನ್ನು ಅಲ್ಲಿಯೇ ನೋಡಬಹುದು.

ಧಾರೆಯಿಲ್ಲವೆಂದರೆ ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ‘ಸುಸ್’ ಎಂದು ಗಾಳಿ ಒಳನುಗ್ಗಿ, ಆಮೇಲೆ ಕಾರು ಸ್ಟಾರ್ಟ್ ಆದರೆ ಟ್ಯಾಂಕಿಗೆ ಗಾಳಿ ಬಿಡುವ ದಾರಿ ಕಟ್ಟಿಕೊಂಡಿದೆ. ಎಷ್ಟೋ ಜನ ಇದಕ್ಕೆ ಪಂಪು ಬದಲಿಸಿದ್ದಾರೆ. ನಂತರ ಫಿಲ್ಟರ್, ಆಮೇಲೆ ಪೈಪು. ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಪೈಪಿನಲ್ಲಿ ಬಿರುಕಿದ್ದರೆ ಪೆಟ್ರೋಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೇರುತ್ತದೆ. ಆದ್ದರಿಂದ ಒಣಗಿರುವ ಪೈಪನ್ನೂ ಬಾಗಿಸಿ ನೋಡಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇರುತ್ತದೆ. ತೊಂಬತ್ತರ ದಶಕದ ರಬ್ಬರನ್ನು ಅದಕ್ಕೆಂದು ಮಾಡಿರಲಿಲ್ಲ. ಪೈಪು, ಪಂಪಿನ ಡಯಾಫ್ರಮ್ ಹಳೆಯವಾದರೆ ಎಥನಾಲ್ ತಡೆಯುವಂಥವನ್ನು ಕೇಳಿ ಹಾಕಿಸಿ. ಎಥನಾಲ್ ನೀರನ್ನೂ ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕನ್ನು ಕಾಲುಭಾಗ ಮಾತ್ರ ತುಂಬಿಸಿ ಬಿಡುವುದು ಒಳ್ಳೆಯದಲ್ಲ.

ಪೆಟ್ರೋಲ್ ಕಡಿಮೆಯಾಗಿ ಮಾತ್ರವಲ್ಲ, ಹೆಚ್ಚಾಗಿಯೂ ಕಾರು ನಿಲ್ಲುತ್ತದೆ. ಬಿಸಿ ಎಂಜಿನ್ ನಿಂತಾಗ ಕಾರ್ಬೊರೇಟರಿನ ಪೆಟ್ರೋಲ್ ಕುದಿದು ಒಳಗೆ ಹನಿಯುತ್ತದೆ. ಪ್ಲಗ್ ತೆಗೆದರೆ ಒದ್ದೆ, ಮೂಗಿಗೆ ಗಾಢ ವಾಸನೆ. ಆಗ ಚೋಕ್ ಮುಟ್ಟಬೇಡಿ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ, ಸೆಲ್ಫ್ ಹೊಡೆಯಿರಿ. ಗಾಳಿ ನುಗ್ಗಿ ಒಣಗುತ್ತದೆ. ಪದೇ ಪದೇ ಹೀಗಾದರೆ ಫ್ಲೋಟಿನ ಸೂಜಿ ವಾಲ್ವ್ ಸವೆದಿದೆ. ನಿಜವಾದ ಏರ್ ಲಾಕ್ ಕೂಡ ಆಗುವುದುಂಟು. ಅದರ ಗುರುತು, ಕಿಡಿ ಚೆನ್ನಾಗಿದ್ದು ಗಂಟಲಿನಲ್ಲಿ ಧಾರೆಯಿಲ್ಲದಿರುವುದು. ಆಗ ಒದ್ದೆ ಬಟ್ಟೆ ಹಾಕಿ, ಧಾರಾಳವಾಗಿ ಹಾಕಿ.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಸ್ಟಾರ್ಟ್ ಇಲ್ಲವೆಂದರೆ ಸೆಲ್ಫಿನ ಸದ್ದಿಗೆ ಕಿವಿಗೊಡಿ. ತಡೆಯೇ ಇಲ್ಲದಂತೆ ಸರಾಗವಾಗಿ, ಎಂದಿಗಿಂತ ವೇಗವಾಗಿ ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಮತ್ತೆ ಕೀ ತಿರುಗಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.

2000ದ ಆಸುಪಾಸಿನ ನಂತರದ, ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಕಾರುಗಳಲ್ಲೂ ಪ್ರಶ್ನೆಗಳು ಇವೇ, ಉತ್ತರ ಹುಡುಕುವ ಜಾಗ ಬೇರೆ. ಕೀ ಆನ್ ಮಾಡಿದಾಗ ಹಿಂದಿನ ಟ್ಯಾಂಕಿನಿಂದ ಎರಡು ಸೆಕೆಂಡು ‘ಜುಯ್’ ಸದ್ದು ಬರಬೇಕು. ಬಾರದಿದ್ದರೆ ಪಂಪು, ಅದರ ರಿಲೇ, ಫ್ಯೂಸ್ ನೋಡಿ. ಬಿಸಿಯಾದಾಗ ಮಾತ್ರ ಕೈಕೊಟ್ಟರೆ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರನ್ನು ಅನುಮಾನಿಸಿ. ಸ್ಕ್ಯಾನರಿನಲ್ಲಿ ಕೋಡ್ ಬಾರದಿದ್ದರೂ ಸೆನ್ಸರ್ ನಿರ್ದೋಷಿ ಎಂದೇನಲ್ಲ.

ಸಿಕ್ಕ ಮೇಲೆ

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿ ಕಾರು ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ನಿಮಗೂ ತಿಳಿಯದು, ಮೆಕ್ಯಾನಿಕ್ಕಿಗೂ ತಿಳಿಯದು. ಬದಲಿಸಿದ ಮೇಲೆ ರೋಗ ಬರುತ್ತಿದ್ದ ಸಂದರ್ಭವನ್ನೇ ಬೇಕೆಂದು ಸೃಷ್ಟಿಸಿ. ಹೊಸ ಕಾಯಿಲ್ ಹಾಕಿದ ಮೇಲೆ ನಾನು ಅದೇ ಬೇಸಿಗೆಯ ಮೇ ತಿಂಗಳಿನಲ್ಲಿ, ಮಟಮಟ ಮಧ್ಯಾಹ್ನ, ಮಂಡಗದ್ದೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ ಸ್ಟಾರ್ಟ್ ಮಾಡಿದೆ. ಹಾಗೆ ಐದು ಸಲ, ಐದು ಬೇರೆ ಬೇರೆ ದಿನ. ಚಹಾ ಅಂಗಡಿಯವರು ನನಗೆ ಅಲ್ಲಿ ಯಾವುದೋ ಜಮೀನಿನ ವ್ಯವಹಾರವಿದೆ ಎಂದುಕೊಂಡಿದ್ದರು.

ಹಳೆಯ ಕಾಯಿಲನ್ನು ಎಸೆದಿಲ್ಲ, ಡಿಕ್ಕಿಯಲ್ಲಿದೆ. ತಣ್ಣಗಿದ್ದಾಗ ಕೆಲಸ ಮಾಡುವುದರಿಂದ ಕಷ್ಟಕಾಲಕ್ಕೆ ಹತ್ತು ಕಿಲೋಮೀಟರಾದರೂ ಎಳೆಯುತ್ತದೆ. ಅದರ ಮೈಮೇಲೆ ದಪ್ಪ ಅಕ್ಷರದಲ್ಲಿ ‘ಬಿಸಿಗೆ ಸಾಯುತ್ತದೆ’ ಎಂದು ಬರೆದಿಟ್ಟಿದ್ದೇನೆ. ಇಲ್ಲವಾದರೆ ಎಂದೋ ಒಂದು ದಿನ ಯಾರೋ ಅದನ್ನು ತಣ್ಣಗಿರುವಾಗ ಅಳೆದು, ‘ಚೆನ್ನಾಗಿಯೇ ಇದೆಯಲ್ಲ ಸಾರ್’ ಎಂದು ಮತ್ತೆ ಕಾರಿಗೆ ಹಾಕಿಬಿಡುತ್ತಾರೆ.